ಕತ್ತಲೆಕಾನಿನ ಕುಂಬಾರ

ಮೊಗೆಬೀಜ ಎತ್ತಿಟ್ಟಿದ್ದೀರಾ ಶಾರದಕ್ಕ? ನಮ್ಮಲ್ಲಿ ಗೋಡೆಗೆ ಮೆತ್ತಿದ್ದು ಹಾಗೇ ಇದೆ. ಅಜ್ಜಿ ಹೇಳಿಕೊಟ್ಟ ಬುದ್ಧಿ ಅದು. ಬೀಜಕ್ಕೆ ಬೂದಿ, ಸಗಣಿ ಕಲಸಿ ಅಡುಗೆಮನೆ ಗೋಡೆಗೆ ಪಟ್ ಅಂತ ಬಡಿದುಬಿಟ್ಟರೆ ಮುಗಿಯಿತು, ಹುಳ ಮುಟ್ಟೋದಿಲ್ಲ, ಮುಂದಿನ ಮಳೆಗಾಲದವರೆಗೂ ಚಿಂತೆಯಿಲ್ಲ. ಈಗೀಗ ಆ ಗೋಡೆ ನೋಡಿದರೆ ನನಗೆ ಕತ್ತಲೆಕಾನಿನ ಕಪ್ಪೆ ನೆನಪಾಗ್ತದೆ. ಅದೇ, ನಮ್ಮ ಕುಂಬಾರ ಕಪ್ಪೆ.

ಹಳ್ಳದ ಏಡಿ, ಮೀನು, ಹಾವು ಎಲ್ಲವನ್ನೂ ಬಲ್ಲ ನಮ್ಮೂರವರ ಕಣ್ಣಿಗೂ ಇದು ಬಿದ್ದಿರಲಿಲ್ಲವೋ, ಬಿದ್ದರೂ ‘ಯಾವುದೋ ಕಪ್ಪೆ’ ಅಂತ ದಾಟಿ ಹೋಗಿದ್ದರೋ! ಜೋಗದಿಂದ ಹೊನ್ನಾವರಕ್ಕೆ ಹೋಗುವಾಗ ಘಟ್ಟದಲ್ಲಿ ಸಿಗುವ ಅದೇ ಕತ್ತಲೆಕಾನು ನೋಡಿ. ಎಷ್ಟು ಸಲ ಬಸ್ಸಿನ ಕಿಟಕಿಗೆ ತಲೆಯಿಟ್ಟು ನಿದ್ದೆ ಹೊಡೆಯುತ್ತಾ ದಾಟಿಲ್ಲ ನಾವು, ಅಲ್ವಾ? ಕಡೆಗೆ 2014ರಲ್ಲಿ ವಿಜ್ಞಾನಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಇದು ಹೊಸ ಜಾತಿ ಅಂತ ಜಗತ್ತಿಗೆ ಹೇಳಿದರು. ಹೆಸರಿಟ್ಟದ್ದು ‘ನಿಕ್ಟಿಬ್ಯಾಟ್ರಕಸ್ ಕುಂಬಾರ’. ಮೊದಲನೆಯದು ಬಾಯಿ ತಿರುಗದ ಶಾಸ್ತ್ರದ ಮಾತು, ಎರಡನೆಯದು ನಮ್ಮ ಕೇರಿಯ ಮಾತು. ಯಾವ ದೇಶದ ವಿಜ್ಞಾನಿಯೂ ಈ ಕಪ್ಪೆಯನ್ನು ಕರೆಯಬೇಕೆಂದರೆ ‘ಕುಂಬಾರ’ ಅನ್ನಲೇಬೇಕು. ನನಗಂತೂ ಇದು ಹಬ್ಬದೂಟದಷ್ಟು ಸಂತೋಷ.

ದೊಡ್ಡದೇನಲ್ಲ, ಸಣ್ಣ ನಿಂಬೆಹಣ್ಣಿನಷ್ಟು. ಮೈಯೆಲ್ಲ ಸುಕ್ಕು, ಹಗಲಿಡೀ ನೀರಲ್ಲಿ ನೆನೆದ ಬೆರಳಿನ ತುದಿಯ ಹಾಗೆ. ರಾತ್ರಿ ಸಂಚಾರ. ಆದರೆ ಆ ಗಂಡು ಮಾಡೋ ಕೆಲಸ ಇದೆಯಲ್ಲ! ಹೆಣ್ಣು ಮುಂಗಾಲೂರಿ, ಹಿಂಭಾಗ ಮೇಲೆತ್ತಿ, ನಮ್ಮ ಹುಡುಗರು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲುವ ಹಾಗೆ ನಿಂತು, ನೀರಿನ ಮೇಲೆ ಬಾಗಿದ ಕಡ್ಡಿಗೋ ಬೇರಿಗೋ ಮೊಟ್ಟೆ ಅಂಟಿಸುತ್ತದೆ. ಅಲ್ಲಿಂದ ಮುಂದೆ ಅಪ್ಪನ ಪಾಳಿ. ಹಿಂಗಾಲ ಮೇಲೆ ಎದ್ದು ನಿಂತು, ಹಳ್ಳದ ತಳದ ಕೆಸರನ್ನು ಎರಡೂ ಕೈಯಲ್ಲಿ ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಗ್ಗುವುದು, ಮತ್ತೆ ಬಾಚುವುದು, ಮತ್ತೆ ಮೆತ್ತುವುದು. ತಿಗರಿ ಇಲ್ಲ, ತಟ್ಟುವ ಹಲಗೆ ಇಲ್ಲ, ಬರಿಗೈ. ಹೀಗೆ ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆ ಅಲ್ಲಿಯವರೆಗೆ ಜಗತ್ತಿನ ಬೇರೆಲ್ಲೂ ವರದಿಯಾಗಿರಲಿಲ್ಲವಂತೆ. ಕಪ್ಪೆಗಳು ಸಂಸಾರ ಹೂಡುವ ಬಗೆ ಆಗ ಲೆಕ್ಕಕ್ಕೆ ಸಿಕ್ಕಿದ್ದೇ 40 ನಮೂನೆ. ಅಷ್ಟರಲ್ಲೂ ಇದೊಂದು ಬೇರೆ.

ಯಾಕೆ ಮೆತ್ತುತ್ತದೆ ಅಂದರೆ, ಒಣಗದಿರಲಿ ಅಂತಲೋ, ತಿನ್ನಲು ಬರುವವರ ಕಣ್ಣಿಗೆ ಬೀಳದಿರಲಿ ಅಂತಲೋ ಇರಬೇಕು. ನಮ್ಮಜ್ಜಿಯನ್ನು ಕೇಳಿದ್ದರೆ ‘ಬೀಜ ಅಲ್ವೇನೋ, ಜೋಪಾನ ಮಾಡ್ತದೆ’ ಅಂತ ಒಂದೇ ಮಾತಲ್ಲಿ ಮುಗಿಸಿರೋರು. ಅವರು ಗೋಡೆಗೆ ಬಡಿದ ಬೀಜದ ಉಂಡೆ ಮೇಲೆ ಐದು ಬೆರಳಿನ ಗುರುತೂ ಮೂಡಿರೋದು. ನಾನು ಚಿಕ್ಕವನಿದ್ದಾಗ ಅದರ ಮೇಲೆ ನನ್ನ ಕೈಯಿಟ್ಟು ಅಳೆಯುತ್ತಿದ್ದೆ... ಹೋಗಲಿ, ಎಲ್ಲಿದ್ದೆ? ಹಾಂ, ಹಳ್ಳ.

ಅದೇ ಜಾಗದಲ್ಲಿ ಈ ಕಪ್ಪೆಯ ಇನ್ನೆರಡು ದಾಯಾದಿಗಳೂ ಇವೆ. ಒಂದಕ್ಕೆ ಜೋಗದ ಹೆಸರು, ಇನ್ನೊಂದಕ್ಕೆ ಕೆಂಪುಹೊಳೆಯ ಹೆಸರು. ಮೂವರೂ ನೆರೆಹೊರೆ, ಆದರೆ ಸಂತಾನದ ಕ್ರಮ ಮೂವರದೂ ಬೇರೆ ಬೇರೆ. ಒಂದೇ ಬಾವಿಯ ನೀರು ಸೇದಿದರೂ ನಿಮ್ಮ ಮನೆ ಸಾರಿನ ರುಚಿಯೇ ಬೇರೆ, ನಮ್ಮದೇ ಬೇರೆ, ಹಾಗೆ!

ಆ ಕಾನಿನ ಜಡ್ಡಿಯನ್ನು ನೀವು ನೋಡಿದ್ದೀರಲ್ಲ? ರಾಂಪತ್ರೆ ಜಡ್ಡಿ. ಬೇಸಿಗೆಯಲ್ಲೂ ನೀರು ಜಿನುಗುವ ನೆಲ. ಕೆಸರಲ್ಲಿ ಉಸಿರು ಸಿಗದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಗಾಳಿ ತಗೊಳ್ತವೆ. ಅಂಥ ತಂಪು, ಅಂಥ ಮಣ್ಣು ಇದ್ದರೆ ತಾನೆ ಕುಂಬಾರನ ಕಸುಬು? ನೀರಿರುವ ತಗ್ಗು ಅಂತ ಎಷ್ಟು ಜಡ್ಡಿಗಳನ್ನು ನಮ್ಮ ಹಿಂದಿನವರು ಗದ್ದೆ, ತೋಟ ಮಾಡಿಕೊಂಡರು. ಅವರಿಗೂ ಹೊಟ್ಟೆಪಾಡು, ತಪ್ಪು ಅನ್ನಲಾರೆ. ಆದರೆ ಉಳಿದ ತುಣುಕುಗಳ ವಿಷಯದಲ್ಲಿ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಆಗಬಾರದು ನೋಡಿ. ಅಲ್ಲೊಂದು ರಸ್ತೆ ಅಗಲ ಆಗುತ್ತದೆ ಅಂದರೆ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಎರಡು ಲೋಡು ಮಣ್ಣು ಹಳ್ಳಕ್ಕೆ ಜಾರಿದರೆ, ಹಿಡಿ ಹಿಡಿ ಕೆಸರು ಬಾಚುವ ಆ ಪುಟ್ಟ ಕೈ ಏನು ಮಾಡೀತು?

ಮೊಟ್ಟೆ ಒಡೆದ ಮೇಲೆ ಮರಿಗಳು ಕೆಳಗಿನ ನೀರಿಗೇ ಬೀಳುತ್ತವಂತೆ, ಗೊದಮೊಟ್ಟೆಯಾಗಿ, ಪುಳಕ್ ಪುಳಕ್ ಅಂತ. ಈ ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗುವಾಗ ಸೇತುವೆ ಹತ್ತಿರ ಒಂದು ಕ್ಷಣ ಗಾಡಿ ನಿಲ್ಲಿಸಿ ಕಿವಿ ಕೊಡೋಣ ಅಂತಿದ್ದೇನೆ. ನೀವೂ ಬರ್ತೀರಾ? ಅಯ್ಯೋ, ಹನಿ ಬಿತ್ತು ನೋಡಿ... ನಿಮ್ಮ ಹಪ್ಪಳ ಅಂಗಳದಲ್ಲೇ ಇದೆಯಲ್ಲ ಶಾರದಕ್ಕ!