ಹಲ್ಲು ನೋಡದ ವ್ಯಾಪಾರ

(ಮಧುಗಿರಿ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ರಿಪೇರಿ ಅಂಗಡಿ. ಶಿರಾ ಕಡೆಯ ಕುರಿ ತಿಮ್ಮಜ್ಜ ಬಟನ್ ಸೆಟ್ ಮುಂದಿಡುತ್ತಾನೆ.)

ತಿಮ್ಮಜ್ಜ: ಲೋ ರಂಗ, ನೋಕಿಯಾ ಮಲಗ್ಬುಟ್ಟದೆ ಕಣ್ಲಾ.

ರಂಗ: ಅದರ ಕಂಪನಿ ಫೋನ್ ವ್ಯಾಪಾರಾನೂ ಹಿಂಗೇ ಮಲಗಿತ್ತಜ್ಜ. 2013ರಲ್ಲಿ ಕಂಪ್ಯೂಟರ್ ದೊರೆ ಮೈಕ್ರೋಸಾಫ್ಟು ಸುಮಾರು 720 ಕೋಟಿ ಡಾಲರ್‌ಗೆ ಮಾತಾಡ್ತು.

ತಿಮ್ಮಜ್ಜ: ಮಲಗಿರೋ ಕುರಿಗೆ ಅಷ್ಟಾ? ಹಲ್ಲು ನೋಡಿದ್ರಾ?

ರಂಗ: ದೊಡ್ಡ ದೊಡ್ಡೋರೇ ನೋಡಿದ್ರಂತೆ.

ತಿಮ್ಮಜ್ಜ: ಓ, ಕುರಿ ಕಾಯೋರ್ ಯಾರೂ ಇರ್ಲಿಲ್ಲ ಅನ್ನು.

ರಂಗ: 2015ರಲ್ಲಿ 760 ಕೋಟಿ ಡಾಲರ್ ನಷ್ಟ ಅಂತ ಬರ್ಕೊಂಡ್ರು.

ತಿಮ್ಮಜ್ಜ: 720ಕ್ಕೆ ತಂದು 760 ಕಳ್ಕೊಂಡ್ರಾ? ಮಿಕ್ಕಿದ 40 ಹಗ್ಗದ ದುಡ್ಡಾ?

ರಂಗ (ಗುಂಡುಸೂಜಿಯಲ್ಲಿ ಚಾರ್ಜಿಂಗ್ ತೂತು ಕೆದಕುತ್ತಾ): 7,800 ಜನರ ಕೆಲಸಾನೂ ತೆಗೀತೀವಿ ಅಂದ್ರು.

ತಿಮ್ಮಜ್ಜ: ವ್ಯಾಪಾರ ಕುದುರಿಸ್ದೋರು ಅಷ್ಟೊಂದ್ ಜನಾನಾ?

ರಂಗ: ಅವರಲ್ಲಜ್ಜ! ಕುದುರಿಸಿದ ಮೈಕ್ರೋಸಾಫ್ಟ್ ಯಜಮಾನ್ರು ಬಾಲ್ಮರ್ ಸಾಹೇಬ್ರು 2014ರಲ್ಲೇ ಕುರ್ಚಿ ಬಿಟ್ಟಿದ್ರು. ನಷ್ಟದ ಲೆಕ್ಕ ಬರೆಸಿದೋರು ಆ ಕುರ್ಚಿಗೆ ಬಂದ ಸತ್ಯ ನಾದೆಲ್ಲ. ತಂದೆ ಕಡೆಯೂರು ನಮ್ ಪಾವಗಡದಾಚೆ ಅನಂತಪುರ ಜಿಲ್ಲೆ, ಓದಿದ್ದು ಮಣಿಪಾಲ.

ತಿಮ್ಮಜ್ಜ: ಹೆಸರೇ ಸತ್ಯ, ಪಾಪ, ಮುಚ್ಚಿಡಾಕಾಯ್ತದಾ?

ರಂಗ: 2016ರಲ್ಲಿ ಬಟನ್ ಫೋನ್ ವ್ಯಾಪಾರಾನ 35 ಕೋಟಿ ಡಾಲರ್‌ಗೆ ಮಾರಿದ್ರು.

ತಿಮ್ಮಜ್ಜ: ಬುಡು, ಚರ್ಮದ ರೇಟಾದ್ರೂ ಗಿಟ್ತು.

ರಂಗ: ತಗೋ, ಸರಿಹೋಯ್ತು. ತೂತಲ್ಲಿ ಬರೀ ಉಣ್ಣೆ. ಐವತ್ತು ರೂಪಾಯಿ ಕೊಡು.

ತಿಮ್ಮಜ್ಜ: ಹತ್ತು ಇಟ್ಕೊ. ಮಿಕ್ಕಿದ್ದು ನಷ್ಟ ಅಂತ ಬರ್ಕೊಳ್ಲಾ, ದೊಡ್ಡ ಕಂಪನಿ ಆಗ್ತೀಯ!