ಜೆಟ್ ಕಾಕಾ

ಸದಲಗಾದ ಗ್ಯಾರೇಜಿನಲ್ಲಿ ಮಿಸ್ತ್ರಿ ಇರದಿದ್ದರೂ ಜೆಟ್ ಕಾಕಾ ಇರುತ್ತಾರೆ. ಯಾವುದೇ ಗಾಡಿ ಕೆಮ್ಮಲಿ, ಪ್ಲಗ್ಗು ಬಿಚ್ಚುವ ಮೊದಲೇ ತೀರ್ಪು ಬರುತ್ತದೆ: "ತಮ್ಮಾ, ಜೆಟ್ಟಿನ್ಯಾಗ ಕಸಾ ಕುಂತೈತಿ." ಪಂಕ್ಚರ್ ತೆಗೆಸಲು ಬಂದವನಿಗೂ ಒಮ್ಮೆ ಇದನ್ನೇ ಹೇಳಿದ್ದರು.

ಅವರ ಕಿಸೆಯಲ್ಲಿ ಒಂದು ತಂಬಾಕಿನ ಡಬ್ಬಿ. ಒಳಗೆ ತಂಬಾಕಿಲ್ಲ, ಕಾರ್ಬೋರೇಟರಿನ ಹಳೆಯ ಮೇನ್ ಜೆಟ್, ಸ್ಲೋ ಜೆಟ್, ಸವೆದ ಸೂಜಿ, ಓ-ರಿಂಗು. ಎಲ್ಲವನ್ನೂ ಬಿಟ್ಟು ಹೊರಟ ಜೈನ ಮುನಿ ಆಚಾರ್ಯ ವಿದ್ಯಾಸಾಗರ ಮಹಾರಾಜರು 1946ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಕಾಕಾ ಮಾತ್ರ ಹರಿದ ಗ್ಯಾಸ್ಕೆಟ್ಟನ್ನೂ ಬಿಡುವವರಲ್ಲ.

ವಿದ್ಯೆ ಇಲ್ಲವೆನ್ನುವಂತಿಲ್ಲ. ಏರ್ ಸ್ಕ್ರೂ ಪೂರಾ ಒಳಗೆ ತಿರುವಿ, ಒಂದೂವರೆ ಸುತ್ತು ಹಿಂದೆ ತಂದು, ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳುವಾಗ ಮಿರಜದಲ್ಲಿ ತಂಬೂರಿಗೆ ಶ್ರುತಿ ಹಚ್ಚುವವರ ಹಾಗೇ ಕಾಣುತ್ತಾರೆ. ಜೆಟ್ಟಿಗೆ ಎಂದೂ ಉಕ್ಕಿನ ತಂತಿ ಹಾಕರು. ತೂತು ದೊಡ್ಡದಾಗಿ ಗಾಡಿ ಪೆಟ್ರೋಲ್ ಕುಡಿಯುತ್ತದೆಂದು ಬಲ್ಲರು. ಕಸಬರಿಗಿಯ ಎಳೆ ಕಡ್ಡಿ, ಬಾಯಿಯ ಊದು, ಅಷ್ಟೇ. 2019ರ ಆಗಸ್ಟ್ ಮಹಾಪೂರ ಅವರ ಸುಗ್ಗಿ. ದೂಧಗಂಗಾ ನೀರು ಕುಡಿದ ಗಾಡಿಗಳ ಹೊಟ್ಟೆ ಸೀಳಿ ಸೀಳಿ ರಾಡಿ ತೆಗೆದರು. ಮರು ಎಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂತು, ಹೊಸ ಗಾಡಿಗಳಿಗೆ ಕಾರ್ಬೋರೇಟರ್ ಬದಲು ಇಂಜೆಕ್ಷನ್ ಬಂತು. ಮೊದಲ ಗಾಡಿಯ ಟ್ಯಾಂಕಿನ ಕೆಳಗೆ ಕಾಕಾ ಬಹಳ ಹೊತ್ತು ಬಗ್ಗಿ ನೋಡಿ, "ಇದಕ್ಕ ಹೊಟ್ಟೀನ ಇಲ್ಲಲ್ಲೋ!" ಎಂದು ಎರಡು ದಿನ ಚಹಾ ಬಿಟ್ಟಿದ್ದರು.

ಊರ ಗಾಡಿಗಳ ಮಾತಾಯಿತು. ಅವರದೇ ಹಳೇ ನೂರು ಸಿಸಿ ಗಾಡಿ ಇದೆಯಲ್ಲ, ಅದೂ ಮಹಾಪೂರದಲ್ಲಿ ಮುಳುಗಿ ಎದ್ದದ್ದು. ಬೋರಗಾಂವ ದಾರಿಯ ಸೇತುವೆ ದಾಟುತ್ತಲೇ ನಿಲ್ಲುತ್ತದೆ. ಕಾಕಾ ಇಳಿದು, ಮುಚ್ಚಳ ತೆಗೆದು ಪೆಟ್ರೋಲ್ ನೋಡಿ, ಮುಚ್ಚಿ, ಕಾರ್ಬೋರೇಟರ್ ಬಿಚ್ಚಿ, ಡಬ್ಬಿಯ ಒಂದು ಜೆಟ್ ಹಾಕಿ ಕಿಕ್ ಹೊಡೆದರೆ ಚಾಲೂ! ಮುಂದೆ ಮತ್ತೆ ನಿಂತರೆ ಆ ಜೆಟ್ಟೇ ಖೋಟಾ. ಹೀಗೆ ಎರಡು ಫ್ಲೋಟು, ಮೂರು ಸೂಜಿ, ಕೊನೆಗೆ ಇಚಲಕರಂಜಿಯಿಂದ ಇಡೀ ಕಾರ್ಬೋರೇಟರ್ರೇ ಬಂತು. ಗಾಡಿ ಸೇತುವೆಯ ಹರಕೆ ಮರೆಯಲಿಲ್ಲ.

ನಾನೊಮ್ಮೆ ಬಾಯಿ ಹಾಕಿದೆ. "ಕಾಕಾ, ಟ್ಯಾಂಕಿನ ಮುಚ್ಚಳದಾಗ ಗಾಳಿ ತೂತ ಇರತೈತ್ರಿ. ಅದರಾಗ ರಾಡಿ ಕುಂತ್ರ ಗಾಳಿ ಒಳಗ ಹೋಗೂದುಲ್ಲ, ಪೆಟ್ರೋಲ್ ಕೆಳಗ ಇಳಿಯೂದುಲ್ಲ. ನೀವು ಮುಚ್ಚಳಾ ತಗದಾಗ ಗಾಳಿ ಹೊಕ್ಕು ಚಾಲೂ ಆಗತೈತಿ."

ಕಾಕಾ ನನ್ನನ್ನು ಕನಿಕರದಿಂದ ನೋಡಿದರು. "ಸೋರಬಾರ್ದಂತ ಮುಚ್ಚಳಾ ಇರತೈತಿ ತಮ್ಮಾ. ಅದಕ್ಕ ತೂತ್ಯಾಕ?"

ಕಳೆದ ತಿಂಗಳು ಪೆಟ್ರೋಲ್ ಹಾಕಿಸಿ ಮುಚ್ಚಳವನ್ನು ಪಂಪಿನಲ್ಲೇ ಮರೆತು ಬಂದರು. ಟ್ಯಾಂಕಿನ ಬಾಯಿಗೆ ಹಳೇ ಧೋತರದ ಚಿಂದಿ ತುರುಕಿಕೊಂಡೇ ಎಂಟು ದಿನ ಓಡಾಡಿದರು. ಗಾಡಿ ಒಮ್ಮೆಯೂ ನಿಲ್ಲಲಿಲ್ಲ. "ನೋಡಿದೇನ? ಕಡೀಗೆ ಹಾಕಿದ ಜೆಟ್ಟು ಅಸಲಿ!" ಎಂದು ಗ್ಯಾರೇಜಿನವರಿಗೆಲ್ಲ ಚಹಾ ಕುಡಿಸಿದರು.

ಒಂಬತ್ತನೆಯ ದಿನ ಪಂಪಿನ ಹುಡುಗ ಮುಚ್ಚಳ ತಂದುಕೊಟ್ಟ. ಕಾಕಾ ಚಿಂದಿ ಕಿತ್ತು, ಅದರಿಂದಲೇ ಮುಚ್ಚಳದ ಮೇಲ್ಮೈಯನ್ನು ಮಿರಮಿರ ತಿಕ್ಕಿ, ಕೂರಿಸಿ, ಕೀಲಿ ತಿರುವಿದರು.

"ಕಾಕಾ, ಎಲ್ಲಿಗ್ರಿ?"

"ಇಚಲಕರಂಜಿ. ಬಾ, ಹಿಂದ ಕುಂಡ್ರು."

ನಾನು ಬಸ್ಸಿಗೆ ಹೋದೆ.