ಎರಡು ಖರೇ, ಒಂದು ಸುಳ್ಳು

ಮಗನ ಮದುವೆ ಗೊತ್ತಾದ ಮೇಲೆ ನನ್ನ ಪಾಲಿಗೆ ಬಂದ ಕೆಲಸ ಮೂರು: ಲಗ್ನಪತ್ರಿಕೆ ಹಂಚುವುದು, ರೊಕ್ಕ ಎಣಿಸಿ ಕೊಡುವುದು, ಸುಮ್ಮನಿರುವುದು. ನಾಲ್ಕನೆಯದನ್ನು ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಫೋನಿನಲ್ಲೇ ಹಚ್ಚಿದಳು.

"ಕಾಕಾ, ಮದುವಿಗಿಂತ ಮೊದಲ ಎರಡೂ ಮನಿ ಮಂದಿ ಒಮ್ಮೆ ಕೂಡಬೇಕು. ಬರೇ ಊಟ ಅಲ್ಲ, ಗೇಮ್ಸ್ ಇರಬೇಕು. ಒಬ್ಬರಿಗೊಬ್ಬರ ಪರಿಚಯ ಆಗತೈತಿ. ನಮ್ಮ ಆಫೀಸಿನ್ಯಾಗ ಹಂಗ ಮಾಡ್ತೀವಿ."

ಪಕ್ಕದ ಕುರ್ಚಿಯವನ ಹೆಸರು ತಿಳಿಯಲು ಅವರ ಆಫೀಸಿನಲ್ಲಿ ಆಟ ಬೇಕಾಗಬಹುದು. ನಮ್ಮ ಕಡೆ ಬಾಗಲಕೋಟೆಯಲ್ಲಿ ಬಸ್ಸು ಹತ್ತಿ ಪಕ್ಕಕ್ಕೆ ಕೂತವನು "ಯಾವೂರ್ರಿ? ಯಾರ ಪೈಕಿ?" ಎಂದು ಎರಡೇ ಪ್ರಶ್ನೆ ಕೇಳಿ, ಗದ್ದನಕೇರಿ ಕ್ರಾಸ್ ಬರುವಷ್ಟರಲ್ಲಿ ನಮ್ಮ ಸೋದರಮಾವನ ಸಾಲದ ಬಾಕಿಯನ್ನೂ ತಿಳಿದುಕೊಂಡು ಇಳಿದು ಹೋಗುತ್ತಾನೆ. ಇಂಥ ಸೀಮೆಯಲ್ಲಿ ಪರಿಚಯ ಮಾಡಿಸುವ ಆಟವೆಂದರೆ ಹೊಳೆಯ ದಂಡೆಯಲ್ಲಿ ಕೂತು ನೀರು ಮಾರಿದಂತೆ. ಇಷ್ಟನ್ನೆಲ್ಲ ಅವಳಿಗೆ ಹೇಳುವ ಮೊದಲೇ ವಾಟ್ಸಪ್ಪಿಗೆ ಪಟ್ಟಿ ಬಂದು ಬಿದ್ದಿತ್ತು. ಒಟ್ಟು ಹನ್ನೊಂದು ಆಟ.

ಅದರಲ್ಲಿ ಒಂದನ್ನು ಓದಿದ ಕೂಡಲೇ ಅಳಿಸಿದೆ. ಎಲ್ಲರೂ ಅಡ್ಡಾದಿಡ್ಡಿ ಕೈ ಹಿಡಿದುಕೊಂಡು ಗಂಟಾಗಬೇಕು, ಆಮೇಲೆ ಕೈ ಬಿಡದೆ ಗಂಟು ಬಿಡಿಸಿಕೊಳ್ಳಬೇಕು. ಬೀಗತಿಯ ಕೈ ಹಿಡಿದು ಗಂಟು ಹಾಕಿಕೊಂಡ ಮೇಲೆ ಬಿಡಿಸಿಕೊಳ್ಳಲು ಬರದಿದ್ದರೆ ಏನು ಗತಿ? ಉಳಿದ ಆಟಗಳನ್ನು ನಮ್ಮ ಸೀಮೆಗೆ ಒಗ್ಗಿಸಿ, ಚೀಟಿಗಳ ಮೇಲೆ ಬರೆದು, ಒಂದು ಕ್ಯಾರಿಬ್ಯಾಗಿಗೆ ಹಾಕಿಟ್ಟೆ.

ನಾವು ಬಾಗಲಕೋಟೆ ನವನಗರದವರು. ಬೀಗರು ಇಳಕಲ್ಲಿನವರು, ಅವರ ಅಣ್ಣತಮ್ಮಂದಿರ ಮನೆಗಳು ಹುನಗುಂದದಲ್ಲಿ. ಬಾದಾಮಿ ನೋಡಿಕೊಂಡು ಬನಶಂಕರಿಯಲ್ಲಿ ಊಟ ಮಾಡುವುದೆಂದು ಠರಾಯಿತು. ಬನಶಂಕರಿಗೆ ಒಲ್ಲೆ ಎನ್ನುವ ಬೀಗರು ಇನ್ನೂ ಹುಟ್ಟಿಲ್ಲ. ಅವರು ಎರಡು ಕ್ರೂಸರ್ ಮಾಡಿಕೊಂಡು ಬಂದರು. ಬರುವಾಗ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಬಂದಿದ್ದರಿಂದ ಬಹುಮಾನದ ಚಿಂತೆಯೂ ಹೋಯಿತು.

ಬಾದಾಮಿಯ ಮೇಣಬಸದಿಯ ಮೆಟ್ಟಿಲ ಮೇಲೆ ಗಂಡಿನ ಕಡೆಯವರು ಒಂದು ಬದಿ, ಹೆಣ್ಣಿನ ಕಡೆಯವರು ಇನ್ನೊಂದು ಬದಿ ಕೂತರು. ನಡುವೆ ಎಮ್ಮೆ ಹಾಯುವಷ್ಟು ಜಾಗ ಖಾಲಿ. ಮೊದಲ ಆಟ, ಚೀಟಿಯಲ್ಲಿ ಬರೆದಂಥ ಮನುಷ್ಯನನ್ನು ಎದುರು ಪಾರ್ಟಿಯಲ್ಲಿ ಹುಡುಕುವುದು. ಬೀಗರ ಕಡೆಯ ಹುಡುಗನೊಬ್ಬ ಚೀಟಿ ಎತ್ತಿ ಜೋರಾಗಿ ಓದಿದ: "ಹುಟ್ಟಿದ ಮನೆ ಈಗ ನೀರಾಗ ಇರುವವರನ್ನು ಹುಡುಕಿರಿ."

ಬರೆದವನು ನಾನೇ. ಬರೆಯುವಾಗ ಚಮತ್ಕಾರವಾಗಿ ಕಂಡಿತ್ತು. ನಮ್ಮ ಕಡೆ ಅರ್ಧಕ್ಕರ್ಧ ಮಂದಿ ಕೈ ಎತ್ತಿದರು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ಎದ್ದು ಬಂದವರೇ ತುಂಬಿರುವ ಊರಲ್ಲಿ ಇಂಥವರನ್ನು ಹುಡುಕಬೇಕೇ? ಹಳೇ ಊರಲ್ಲಿ ಓಣಿಯ ಹೆಸರು ಹೇಳಿದರೆ ಮನೆ ಸಿಗುತ್ತಿತ್ತು. ನವನಗರದಲ್ಲಿ ಸೆಕ್ಟರ್ ನಂಬರು, ಪ್ಲಾಟ್ ನಂಬರು ಹೇಳಿದರೂ ಪೋಸ್ಟಿನವನು ಫೋನ್ ಮಾಡುತ್ತಾನೆ. ಆದರೆ ಆ ಚೀಟಿಯಿಂದ ಒಂದು ಉಪಕಾರವಾಯಿತು. ಬೀಗರ ಪೈಕಿ ಒಬ್ಬ ಮುದುಕಿಯ ತವರುಮನೆ ನಮ್ಮ ಹಳೇ ಊರಿನ ಕಿಲ್ಲಾದಲ್ಲಿತ್ತಂತೆ. ಆಕೆ, ನಮ್ಮವ್ವ ಇಬ್ಬರೂ ಹೋಳಿಹುಣ್ಣಿಮೆಗೆ ಒಂದೇ ಅಟ್ಟದಿಂದ ಬಣ್ಣದ ಬಂಡಿ ನೋಡಿದವರೆಂದು ಪತ್ತೆಯಾಗಿ, ಇಬ್ಬರೂ ಎದ್ದು ಆ ನಡುವಿನ ಖಾಲಿ ಜಾಗಕ್ಕೆ ಬಂದು ಕೂತುಬಿಟ್ಟರು. ಗಂಡಸರು ಆಲಮಟ್ಟಿಯ 519.60 ಮೀಟರಿನ ಲೆಕ್ಕಕ್ಕೆ ಹೋದರು. ಆಣೆಕಟ್ಟನ್ನು 524.256ಕ್ಕೆ ಏರಿಸಿದರೆ ಯಾರ ಹೊಲ ಹೋಗುತ್ತದೆ, ಪರಿಹಾರ ಎಷ್ಟು ಬರುತ್ತದೆ ಎಂಬ ಮಾತು ಶುರುವಾದರೆ ನಮ್ಮ ಜಿಲ್ಲೆಯಲ್ಲಿ ಗಂಡಸರ ಪರಿಚಯಕ್ಕೆ ಬೇರೆ ಆಟವೇ ಬೇಡ. ಮೂರು ದಶಾಂಶಸ್ಥಾನದ ತನಕ ಬಾಯಿಪಾಠ ಇರುವ ಲೆಕ್ಕ ಅದೊಂದೇ.

ಅಷ್ಟರಲ್ಲಿ ಮಂಗ ಬಂದು ಕ್ಯಾರಿಬ್ಯಾಗು ಕಸಿದುಕೊಂಡು ಹೋಯಿತು.

ಬಾದಾಮಿಯ ಮಂಗಗಳಿಗೆ ಪ್ಲಾಸ್ಟಿಕ್ ಚೀಲವೆಂದರೆ ಬಾಳೆಹಣ್ಣು ಎಂದೇ ಅರ್ಥ. ಚೀಲ ಹರಿದು, ಒಂದೊಂದೇ ಚೀಟಿ ಬಿಡಿಸಿ ಮೂಸಿ, ನಮ್ಮ ತಲೆಯ ಮೇಲೆ ಒಗೆಯಿತು. ನಮ್ಮಣ್ಣನೂ ಹುನಗುಂದದ ದೊಡ್ಡ ಬೀಗರೂ ಒಂದೇ ಕೋಲು ಹಿಡಿದು, ಬಂಡೆಯಿಂದ ಬಂಡೆಗೆ ಅದರ ಬೆನ್ನು ಹತ್ತಿದರು. ಏದುಸಿರು ಬಿಡುತ್ತಾ ಇಳಿದು ಬರುವಾಗ ಇಬ್ಬರ ನಡುವೆ "ರೀ" ಹೋಗಿ "ಮಾರಾಯಾ" ಬಂದಿತ್ತು. ಕೈಗೆ ಸಿಕ್ಕಿದ್ದು ಒಂದೇ ಚೀಟಿ: ಎರಡು ಖರೇ, ಒಂದು ಸುಳ್ಳು. ತನ್ನ ಬಗ್ಗೆ ಮೂರು ಮಾತು ಹೇಳಬೇಕು, ಅದರಲ್ಲಿ ಸುಳ್ಳು ಯಾವುದೆಂದು ಉಳಿದವರು ಹೇಳಬೇಕು.

ಮೇಣಬಸದಿಯ ಕೆಳಗಿನ ಹೊಂಡದ ಆಚೆ ದಂಡೆಗೆ, ತಟ್ಟುಕೋಟೆ ಕಡೆಯ ಬಂಡೆಯ ಮೇಲೆ, ಸುಮಾರು 700ರ ಹೊತ್ತಿಗೆ ಕಪ್ಪೆ ಅರಭಟ್ಟ ತನ್ನ ಪರಿಚಯವನ್ನು ಕೊರೆಸಿ ಹೋಗಿದ್ದಾನೆ. ಕನ್ನಡದ ಮೊದಲ ತ್ರಿಪದಿಗಳು ಇರುವುದು ಅದರಲ್ಲೇ. ಒಳ್ಳೆಯವರಿಗೆ ತಾನು ಒಳ್ಳೆಯವನು, ಸವಿಯಾದವರಿಗೆ ಸವಿಯಾದವನು, ಕೆಣಕಿದವರಿಗೆ ಮಾತ್ರ ಕಲಿಯುಗಕ್ಕೇ ಎದುರಾದವನು ಎಂಬ ವರಸೆ. ಅದರಲ್ಲಿ ಸುಳ್ಳು ಯಾವುದು ಎಂದು 1300 ವರ್ಷದಿಂದ ಯಾರೂ ಕೇಳಿಲ್ಲ. ಬಂಡೆಯ ಮೇಲೆ ಕೊರೆಸಿದರೆ ಇದೊಂದು ಅನುಕೂಲ.

ಬನಶಂಕರಿಯಲ್ಲಿ ಜಾತ್ರೆ ಇನ್ನೂ ಪೂರ್ತಿ ಕರಗಿರಲಿಲ್ಲ. ನಾಟಕ ಕಂಪನಿಗಳ ತಗಡಿನ ಥೇಟರುಗಳು ನಿಂತೇ ಇದ್ದವು. ಗಿಡದ ನೆರಳಿಗೆ ಕೂತೊಡನೆ ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಬಂದು ಸುತ್ತುಗಟ್ಟಿದರು. ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಲೆ, ಕೆಂಪು ಖಾರ, ಗಟ್ಟಿ ಮೊಸರು. ಎಲ್ಲರೂ ಮತ್ತೆ ಗಂಡಿನ ಕಡೆ ಹೆಣ್ಣಿನ ಕಡೆ ಎಂದು ಎರಡು ಸಾಲು ಹಿಡಿಯುವುದರಲ್ಲಿದ್ದರು. ನಮ್ಮವ್ವ ಕೂತಲ್ಲಿಂದಲೇ ಕೂಗಿದಳು: "ಬಿಸಿ ರೊಟ್ಟಿ ಬೇಕನ್ನಾವ್ರು ಈ ಕಡೆ ಬರ್ರಿ, ಖಡಕ್ ರೊಟ್ಟಿ ಅನ್ನಾವ್ರು ಆ ಕಡೆ ಹೋಗ್ರಿ!"

ಬೆಂಗಳೂರಿನ ಹನ್ನೊಂದು ಆಟ ಒಂದು ತಕ್ಕಡಿಗೆ, ಈ ಮಾತು ಒಂದು ತಕ್ಕಡಿಗೆ. ನನ್ನ ಹೆಂಡತಿ ಹೋಗಿ ಬೀಗತಿಯ ಪಕ್ಕ ಕೂತು ಖಡಕ್ ರೊಟ್ಟಿ ಕಟಂ ಎಂದು ಮುರಿದಳು. ಹಲ್ಲಿನ ತೊಂದರೆಯ ಬೀಗರು ನನ್ನ ಬದಿಗೆ ಬಂದರು. ಮಗ ಬಿಸಿ, ಸೊಸೆಯಾಗುವವಳು ಖಡಕ್. ಮುಂದಿನ ಮೂವತ್ತು ವರ್ಷದ ಅಡುಗೆಮನೆಯ ರಾಜಕಾರಣ ಅಲ್ಲೇ ಎಲ್ಲರಿಗೂ ಗೊತ್ತಾಯಿತು.

ಹಂಗಾಗಿ ಬಿಸಿ ಪಾರ್ಟಿ, ಖಡಕ್ ಪಾರ್ಟಿ. ಎರಡು ಖರೇ ಒಂದು ಸುಳ್ಳಿಗೆ ಮೊದಲು ಎದ್ದವರು ಮಂಗನ ಬೆನ್ನು ಹತ್ತಿದ ದೊಡ್ಡ ಬೀಗರು. "ಒಂದ ಹೊತ್ತಿಗೆ ಇಪ್ಪತ್ತ ರೊಟ್ಟಿ ತಿಂದೀನಿ. ನಮ್ಮೂರ ನಾಟಕದಾಗ ಸಂಗೊಳ್ಳಿ ರಾಯಣ್ಣನ ಪಾರ್ಟು ಮಾಡೀನಿ. ಹೆಂಡತಿ ಮಾತು ಎಂದೂ ಮೀರಿಲ್ಲ."

ಮೂರನೆಯದೇ ಸುಳ್ಳೆಂದು ಗಂಡಸರೆಲ್ಲ ಕೂಗಿದರು. ಅವರ ಹೆಂಡತಿ ಎದ್ದು ನಿಂತು, ಅದು ಖರೇನೇ ಎಂದು ಸಾಕ್ಷಿ ನುಡಿದರು. ರಾಯಣ್ಣನ ಮಾತಂತೂ ಕೇಳುವುದೇ ಬೇಡ: "ನನ್ನ ನೋಡಾಕ ಬಂದಾಗ ಅದನ್ನ ಹೇಳಿದ್ರು. ಅದಕ್ಕ ನಾ ಹೂಂ ಅಂದದ್ದು." ಉಳಿದದ್ದು ರೊಟ್ಟಿ. ಅವು ಇಪ್ಪತ್ತೋ ಹದಿನೆಂಟೋ, ದೊಡ್ಡವೋ ಸಣ್ಣವೋ, ಯಾರ ಮದುವೆಯಲ್ಲಿ ತಿಂದದ್ದೆಂದು ಅರ್ಧ ತಾಸು ವಾದ ನಡೆಯಿತು. ಬೀಗರು ಮಾತ್ರ ಬಾಯಿ ಬಿಡಲಿಲ್ಲ.

ಮುಂದಿನ ಆಟ ಬೀಗತಿಯದು. ಕಣ್ಣು ಕಟ್ಟಿ, ಸೀರೆ ಮುಟ್ಟಿಸಿ, ಇದು ಎಂಥಾದ್ದು ಹೇಳಿ ಎನ್ನುವುದು. ಖಡಕ್ ಪಾರ್ಟಿಯ ಹೆಂಗಸರ ಬೆರಳು ಓಡುವುದನ್ನು ನೋಡಬೇಕು. ದಡಿಯ ಮೇಲೆ ಹೆಬ್ಬೆರಳು ಎಳೆದು "ಗೋಮಿ" ಅನ್ನುತ್ತಾರೆ, "ಪರಾಸಪೇಟ" ಅನ್ನುತ್ತಾರೆ. ಸೆರಗಿಗೆ ಬಂದರೆ "ತೋಪತೆನಿ." ಇಳಕಲ್ಲ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆಯದೇ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ನನ್ನ ಸರದಿ ಬಂದಾಗ ಬೀಗತಿ ನನ್ನ ಕಣ್ಣಿಗೂ ಪಟ್ಟಿ ಕಟ್ಟಿಸಿ, ಆ ಜಾಗಕ್ಕೆ ನನ್ನ ಬೆರಳು ಹಿಡಿದು ಒತ್ತಿಸಿದರು. ಸಣ್ಣಗೆ ಗೀರಿದಂತೆ ಏನೋ ತಾಗಿದ ಹಾಗಾಯಿತು, ತಾಗದ ಹಾಗೂ ಆಯಿತು.

"ಹೇಳ್ರಿ ಬೀಗರ, ಇದು ಎಂಥಾ ಸೀರಿ?"

ಸೆರಗಿನ ವಾಸನೆಯಿಂದ ನನ್ನ ಹೆಂಡತಿಯದೇ ಎಂದು ಗೊತ್ತಾಗಿತ್ತು. ಧೈರ್ಯವಾಗಿ ಹೇಳಿದೆ: "ಮಷೀನ್ ಮಗ್ಗದ್ದು. ಎಂಟನೂರು ರೂಪಾಯಿ."

ಮೌನ. ಕಣ್ಣು ಕಟ್ಟಿದ್ದರೂ ಅದು ಕಾಣುತ್ತಿತ್ತು.

"ಅಯ್ಯ, ಎಂಟನೂರಕ್ಕ ಇದರ ಸೆರಗೂ ಬರೂದಿಲ್ರಿ," ಅಂದರು ಬೀಗತಿ. "ಅಪ್ಪಟ ರೇಷ್ಮಿ, ಕೈಮಗ್ಗದ್ದು." ಆಮೇಲೆ ಯಾವ ಕಸುಬುದಾರಳಾದರೂ ಮಾಡುವಂತೆ ಬೆಲೆಯನ್ನೂ ಹೇಳಿದರು. ಎರಡು ವರ್ಷದಿಂದ ಎಂಟುನೂರರ ಸೀರೆಯೆಂದು ನಾನು ನಂಬಿಕೊಂಡು ಬಂದದ್ದು ನೂರಾರು ಕೊಂಡಿಗಳ ಸಮೇತ ಬಿಚ್ಚಿಕೊಂಡಿತು.

ಕಣ್ಣಿನ ಪಟ್ಟಿ ಬಿಚ್ಚಿದಾಗ ಹೆಂಡತಿ ಗಿಡದಲ್ಲಿನ ಹಕ್ಕಿ ನೋಡುತ್ತಿದ್ದಳು. ಅಷ್ಟರಲ್ಲಿ ಹೆಂಗಸರು ಗಂಡನ ಹೆಸರು ಸೇರಿಸಿ ಕಟ್ಟುವ ಒಡಪಿಗೆ ಇಳಿದರು. ಅವಳ ಸರದಿ ಬಂದಾಗ ನಾನೇ ತಪ್ಪು ಮಾಡಿದವನಂತೆ ನನ್ನ ಕಡೆ ದಿಟ್ಟಿಸಿ ಕಟ್ಟಿದಳು: "ಬದಾಮಿ ಗುಡ್ಡದಾಗ ಮಂಗ ಕಸಕೊಂಡ ಚೀಲ ಬಿಡೂದಿಲ್ಲ, ಮನ್ಯಾಗ ಇವರು ಹಿಡಕೊಂಡ ರಿಮೋಟ ಬಿಡೂದಿಲ್ಲ." "ಇವರು" ಎಂದ ಕಡೆ ಆಕೆ ನನ್ನ ಹೆಸರು ಹೇಳಿದ್ದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಹೇಳುವ ಹಕ್ಕು ಅವಳದು. ಎರಡೂ ಪಾರ್ಟಿ ಕೂಡಿ ನಕ್ಕಿತು. ಬೀಗರು ಬೆನ್ನು ಚಪ್ಪರಿಸಿ, "ನಮ್ಮ ಮನ್ಯಾಗೂ ಅದ ಐತ್ರಿ, ಆದ್ರ ರಿಮೋಟ್ ಆಕೀ ಕೈಯಾಗ," ಅಂದರು. ಕರದಂಟು ಯಾವ ಪಾರ್ಟಿಗೆ ಹೋಗಬೇಕೆಂಬ ಪ್ರಶ್ನೆ ಏಳುವ ಮೊದಲೇ ಹುಡುಗರು ಡಬ್ಬಿ ಖಾಲಿ ಮಾಡಿದ್ದರು.

ಹೊತ್ತು ಇಳಿದಾಗ ಕ್ರೂಸರುಗಳು ಹೊರಟವು. ನಮ್ಮವ್ವನೂ ಕಿಲ್ಲಾದ ಮುದುಕಿಯೂ ಕಿಟಕಿಯ ಒಳಗೊಬ್ಬರು ಹೊರಗೊಬ್ಬರು ನಿಂತು ಇನ್ನೂ ಯಾವುದೋ ಓಣಿಯ ಯಾವುದೋ ಮನೆಯ ಮಾತಾಡುತ್ತಿದ್ದರಿಂದ ಡ್ರೈವರು ಎರಡು ಸಲ ಹಾರ್ನ್ ಹೊಡೆದ. ದೊಡ್ಡ ಬೀಗರು ಮುಂದಿನ ಸೀಟಿನಲ್ಲಿದ್ದರು. ಅವರ ಹೆಂಡತಿ ಹಿಂದೆ ಬುತ್ತಿಗಂಟು ಜೋಡಿಸುತ್ತಿದ್ದರು. ಬೀಗರು ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಿವಿಯಲ್ಲಿ ಹೇಳಿದರು:

"ರೊಟ್ಟಿ ಇಪ್ಪತ್ತ ಖರೇನ ಅದಾವ್ರಿ. ರಾಯಣ್ಣನ ಪಾರ್ಟು ಮಾಡಿಲ್ಲ. ನಾ ಪರದೆ ಎಳೀತಿದ್ದೆ. ಆಕಿ ಮುಂದ ಅನ್ನಬ್ಯಾಡ್ರಿ."